ಹದಿನಾರನೆಯ ಮೆಟ್ಟಿಲು

ಸೆಲ್ಮೊ ಮಾಡಿದ ತಪ್ಪು ಇಷ್ಟೇ: ಕೈಗೆಲ್ಲ ಗ್ರೀಸ್ ಮೆತ್ತಿಕೊಂಡಿದೆಯೆಂದು ಫೋನನ್ನು ಸ್ಪೀಕರಿಗೆ ಹಾಕಿದ. ಶನಿವಾರ ಬೆಳಿಗ್ಗೆ ಏಳು ಗಂಟೆ. ಊಟದ ಮೇಜಿನ ಒಂದು ಮೂಲೆಯಲ್ಲಿ ಯಾರದೋ ಟೇಬಲ್ ಫ್ಯಾನು ಬಿಚ್ಚಿಟ್ಟುಕೊಂಡು ಕೂತಿದ್ದ. ಮನೆ ಕಟ್ಟುವ ಕಂಪನಿಯ ಹುಡುಗಿ ಬಲು ನಯವಾಗಿ, ಇವತ್ತು ಒಂಬತ್ತಕ್ಕೆ ನಿಮ್ಮ ಸರದಿ, ಹೊಸ ಮನೆಯ ಟೈಲ್ಸು, ಬಣ್ಣ, ಕಪಾಟು ಎಲ್ಲ ನಿಮಗೆ ಬೇಕಾದ ಹಾಗೆ ಆರಿಸಿಕೊಳ್ಳಬಹುದು, ಮನೆಮಂದಿಯನ್ನೂ ಕರೆದುಕೊಂಡು ಬನ್ನಿ ಎಂದಳು. ಆ ಕೊನೆಯ ಮಾತು ಒಲೆಯ ಮುಂದಿದ್ದ ಅತ್ತೆಯ ಕಿವಿಗೆ ಬಿತ್ತು.

ಅತ್ತೆಯ ಹೆಸರು ಪುರಿಂಗ್. ಅಳಿಯನಿಂದ ಹಿಡಿದು ಇಡೀ ಬೀದಿಯೇ ಅವಳನ್ನು ನಾನಾಯ್ ಎಂದು, ಅಂದರೆ ಅಮ್ಮ ಎಂದು ಕರೆಯುತ್ತಿತ್ತು. ಅವಳೂ ಬೀದಿಯನ್ನು ತಾನೇ ಹೆತ್ತವಳ ಹಾಗೆ ನಡೆದುಕೊಳ್ಳುತ್ತಿದ್ದಳು. ಹುರಿಯುತ್ತಿದ್ದ ಬೆಳ್ಳುಳ್ಳಿ ಅನ್ನವನ್ನು ಅರ್ಧಕ್ಕೇ ಇಳಿಸಿ, ಚರ್ಚಿಗೆ ಹೋಗುವ ಹೂವಿನ ಫ್ರಾಕು ತೊಟ್ಟು, ದೊಡ್ಡ ಮಗ ನೆಸ್ಟರನಿಗೆ ಜೀಪು ತರಲು ಹೇಳಿದಳು. ಪಕ್ಕದ ಮನೆಯ ಚಾರಿಂಗ್‌ಳನ್ನು ಯಾರೂ ಕರೆಯಲಿಲ್ಲ. ಅವಳು ಜೀಪು ಬರುವ ಮೊದಲೇ ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದಳು.

ಮನೆ ಸೆಲ್ಮೊನ ಹೆಂಡತಿ ರೊವೆನಾಳ ಬೆವರಿನದು. ಒಂಬತ್ತು ವರ್ಷದಿಂದ ರಿಯಾದಿನ ಆಸ್ಪತ್ರೆಯಲ್ಲಿ ನರ್ಸು. ಪಟ್ಟಣದಾಚೆ ಕವೀತೆ ಎಂಬ ಕಡೆ ಸಾಲಾಗಿ ಏಳುತ್ತಿರುವ ಎರಡಂತಸ್ತಿನ ಮನೆಗಳಲ್ಲಿ ಒಂದನ್ನು ಅವಳು ಕೊಂಡಿದ್ದಳು. ಸೆಲ್ಮೊ ಫ್ಯಾನು ರಿಪೇರಿಯವನು. ಹಿಂದೆ ಸಂತೆಯ ತುದಿಯಲ್ಲಿ ಅವನದೊಂದು ತಗಡಿನ ಗೂಡಿತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಆಮೇಲೆ ಆರು ವರ್ಷದಿಂದ ಅತ್ತೆಯ ಊಟದ ಮೇಜಿನ ಮೂಲೆಯೇ ಅವನ ಅಂಗಡಿ. ದಿನಕ್ಕೆ ಮೂರು ಹೊತ್ತು ಬಿಚ್ಚಿದ್ದನ್ನೆಲ್ಲ ಬಾಚಿ ಎತ್ತಬೇಕು. ಒಮ್ಮೆ ಮೀನಿನ ಹುಳಿಸಾರಿನಲ್ಲಿ ಒಂದು ವಾಷರು ಸಿಕ್ಕಿತೆಂದು ನಾನಾಯ್ ಅದನ್ನು ಊರ ತುಂಬ ಹೇಳಿಕೊಂಡು ಬಂದಿದ್ದಳು. ಹೇಳಿದಷ್ಟು ಸಲವೂ ವಾಷರು ದೊಡ್ಡದಾಗುತ್ತ ಬಂದಿತ್ತು.

ಹೊಸ ಮನೆಯಲ್ಲಿ ಸೆಲ್ಮೊಗೆ ಬೇಕಾಗಿದ್ದುದು ಒಂದೇ. ಮೆಟ್ಟಿಲ ಕೆಳಗೆ ಮೂರು ಮೊಳದ ಒಂದು ಮೇಜು, ಒಂದು ದೀಪ, ಫ್ಯಾನಿನ ರೆಕ್ಕೆ ತೂಗುಹಾಕಲು ನಾಲ್ಕು ಕೊಕ್ಕೆ. ಯಾರೂ ಎತ್ತು ಎನ್ನದ ಜಾಗ. ಇಷ್ಟನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಲೂ ಅವನಿಗೆ ಸಂಕೋಚ. ಅವಳು ದುಡಿದು ಕೊಂಡ ಮನೆಯಲ್ಲಿ ತನಗೂ ಒಂದು ಆಸೆಯಿದೆ ಎನ್ನಲು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದುಕೊಂಡಿದ್ದ. ಇವತ್ತು ಒಬ್ಬನೇ ಹೋಗಿ ಸದ್ದಿಲ್ಲದೆ ಅದೊಂದನ್ನು ಆರಿಸಿ ಬಂದುಬಿಡುವುದು ಅವನ ಉಪಾಯವಾಗಿತ್ತು. ಜೀಪಿನಲ್ಲಿ ನಾನಾಯ್‌ಗೂ ಚಾರಿಂಗ್‌ಗೂ ನಡುವೆ ಹಿಂಡಿಹೋಗಿ ಕೂತಾಗ ಉಪಾಯವೂ ಹಿಂಡಿಹೋಯಿತು.

ಮೊದಲೆಲ್ಲ ಈ ಕಂಪನಿ ಎಲ್ಲ ಮನೆಗಳನ್ನೂ ಒಂದೇ ಅಚ್ಚಿನಲ್ಲಿ ಕಟ್ಟಿ ಕೊಡುತ್ತಿತ್ತು. ಕೊಂಡವರು ಬೀಗದ ಕೈ ತೆಗೆದುಕೊಂಡ ದಿನವೇ ಸುತ್ತಿಗೆ ಹಿಡಿದು ಒಳಗೆ ನುಗ್ಗುತ್ತಿದ್ದರು. ಹೊಸ ಟೈಲ್ಸು ಕೀಳು, ಹೊಸ ಕಪಾಟು ಒಡೆ, ವರ್ಷವಿಡೀ ಧೂಳು. ಕೊನೆಗೆ ಕಂಪನಿಗೂ ಬುದ್ಧಿ ಬಂದು, ಕಟ್ಟುವಾಗಲೇ ಕೇಳಿಬಿಡೋಣವೆಂದು ಈ ಆರಿಸುವ ಮನೆಯನ್ನು ತೆರೆದಿತ್ತು. ಒಳಗೆ ಮಾದರಿ ಅಡಿಗೆಮನೆ, ಮಾದರಿ ಬಚ್ಚಲು, ಮಾದರಿ ಮೆಟ್ಟಿಲು. ಫೋನಿನಲ್ಲಿ ಮಾತಾಡಿದ ಹುಡುಗಿ ಗ್ಲೆಂಡಾ ಸೆಲ್ಮೊನ ಕೈಗೆ ತಟ್ಟೆಯಷ್ಟಗಲದ ಒಂದು ಟ್ಯಾಬ್ ಕೊಟ್ಟಳು. ಅದರಲ್ಲಿ ಬಣ್ಣ ಒತ್ತಿದರೆ ಎದುರು ಗೋಡೆಯ ದೊಡ್ಡ ಪರದೆಯಲ್ಲಿ ಅವರ ಮನೆಗೆ ಆ ಬಣ್ಣ ಬರುತ್ತಿತ್ತು.

ಅದು ಸೆಲ್ಮೊನ ಕೈಯಲ್ಲಿ ನಿಂತದ್ದು ಒಂದು ನಿಮಿಷ. ನೆಸ್ಟರ್ ಕಸಿದುಕೊಂಡು ಹಾಲಿನ ಒಂದು ಗೋಡೆಗೆ ಪೂರ್ತಿ ಕಪ್ಪು ಕಲ್ಲು ಒತ್ತಿದ. ಅಲ್ಲಿ ಮೈಕು ಹಿಡಿದು ಹಾಡುವ ಮೆಷಿನ್ನು ಇಡಬೇಕಂತೆ, ಭಾನುವಾರ ಭಾನುವಾರ ಗೆಳೆಯರನ್ನು ಕರೆದುಕೊಂಡು ಬರುತ್ತಾನಂತೆ. ನಾನಾಯ್ ಅದೇ ಗೋಡೆಯಲ್ಲಿ ಬಾಲ ಯೇಸುವಿನ ಗೂಡು ಬೇಕೆಂದಳು, ಅಡಿಗೆಮನೆಗೆ ಬಾಳೆಹಣ್ಣಿನ ಹಳದಿ ಒತ್ತಿದಳು. ಚಾರಿಂಗ್‌ಗೆ ಆ ಮನೆಯಲ್ಲಿ ಮಲಗುವ ಯೋಗವಿರಲಿಲ್ಲವಾದರೂ ಮಂಚದ ಮೇಲೆ ತೊಲೆ ಬರಕೂಡದೆಂದು ಹಟ ಹಿಡಿದಳು. ನಾಲ್ಕು ಜನರ ಬೆರಳಿಗೆ ಸಿಕ್ಕಿ ಮನೆ ಓತಿಕ್ಯಾತದ ಹಾಗೆ ಬಣ್ಣ ಬದಲಾಯಿಸಿತು. ಒಂದು ಗಳಿಗೆಯಲ್ಲಂತೂ ಪಾಯಿಖಾನೆಯಲ್ಲಿ ತೂಗುದೀಪ ಬಂದು ಕೂತಿತ್ತು.

ನಡುವೆ ಸಂದು ಸಿಕ್ಕಾಗಲೆಲ್ಲ ಸೆಲ್ಮೊ ಬೆರಳು ತೂರಿಸಿ ಮೆಟ್ಟಿಲ ಕೆಳಗೆ ಮೇಜನ್ನು ಒತ್ತುತ್ತಿದ್ದ. ಒತ್ತಿದ ಕೂಡಲೇ ನಾನಾಯ್ ಅದನ್ನು ಅಳಿಸಿ ಅಕ್ಕಿಯ ಡಬ್ಬ ಇಡುತ್ತಿದ್ದಳು. ನೆಸ್ಟರ್ ಡಬ್ಬ ಅಳಿಸಿ ಸ್ಪೀಕರು ಇಡುತ್ತಿದ್ದ. ಚಾರಿಂಗ್ ಸ್ಪೀಕರು ಅಳಿಸಿ ಚಪ್ಪಲಿ ಗೂಡು. ಐದನೆಯ ಸಲ ಮೇಜು ಒತ್ತುವಾಗ ನೆಸ್ಟರನ ಕಂಕುಳಲ್ಲಿದ್ದ ಕಪ್ಪು ಕಲ್ಲಿನ ಮಾದರಿ ಜಾರಿ ಸೆಲ್ಮೊನ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು. ಅವನು ಕುಂಟುತ್ತ ಹೋಗಿ ಮಾದರಿ ಮೆಟ್ಟಿಲ ಕೆಳಗೆ ಕೂತ. ಕೂತದ್ದಕ್ಕೆ ಗೇಣಿನಲ್ಲಿ ಜಾಗವನ್ನಾದರೂ ಅಳೆಯೋಣವೆಂದು ಅಳೆಯತೊಡಗಿದ. ಮನೆ ಆರಿಸಲು ಬಂದ ಬೇರೊಬ್ಬ ಇವನ ಮಾಸಿದ ಅಂಗಿ ನೋಡಿ ಕೆಲಸದವನೆಂದುಕೊಂಡು, ಆ ಕಪಾಟಿನ ಬಾಗಿಲು ಕಿರುಗುಟ್ಟುತ್ತೆ, ಸ್ವಲ್ಪ ನೋಡಪ್ಪ ಎಂದ. ಸೆಲ್ಮೊ ಎದ್ದು ಹೋಗಿ ಸರಿಮಾಡಿಕೊಟ್ಟ. ಇಲ್ಲ ಎನ್ನುವುದು ಅವನ ಬಾಯಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಕಂಪನಿಯವರೇ ಹುರಿದ ಶಾವಿಗೆ, ಅಕ್ಕಿ ಕಡುಬು ಕೊಟ್ಟರು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಉಳಿದದ್ದನ್ನು ನಾನಾಯ್ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡಳು. ಹೊಟ್ಟೆ ತುಂಬಿದ ಮೇಲೆ ಚಾರಿಂಗ್ ಊಟ ಅರಗಲೆಂದು ಮಾದರಿ ಮೆಟ್ಟಿಲು ಹತ್ತಿದಳು. ಹತ್ತುತ್ತ ಆ ಊರಿನಲ್ಲಿ ಎಲ್ಲರೂ ಎಣಿಸುವ ಹಾಗೆ ಅವಳೂ ಎಣಿಸಿದಳು; ಕೊನೆಯ ಮೆಟ್ಟಿಲಿಗೆ ಯಾವುದು ಬೀಳುತ್ತದೋ ಅದೇ ಆ ಮನೆಯ ಪಾಲು ಎಂಬ ನಂಬಿಕೆ. ಚಿನ್ನ, ಬೆಳ್ಳಿ, ಸಾವು, ಚಿನ್ನ, ಬೆಳ್ಳಿ, ಸಾವು. ಮೇಲಿನ ಮೆಟ್ಟಿಲಿಗೆ ಬಂದು ಕಲ್ಲಿನಂತೆ ನಿಂತಳು.

"ಹದಿನೈದು," ಎಂದಳು. "ಪುರಿಂಗ್, ನಿನ್ನ ಮಗಳ ಮನೆ ಸಾವಿಗೆ ಹೋಗಿ ನಿಲ್ಲುತ್ತೆ ಕಣೇ."

ನಾನಾಯ್ ಚೀಲ ಹಿಡಿದುಕೊಂಡೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದಳು. ಈ ಮೆಟ್ಟಿಲು ಬದಲಾಗುವ ತನಕ ಅಲ್ಲಿಂದ ಏಳುವುದಿಲ್ಲ ಎಂದಳು. ತನ್ನ ಗಂಡ ಸತ್ತ ಮನೆಗೂ ಹನ್ನೆರಡು ಮೆಟ್ಟಿಲಿತ್ತು, ಅವು ಸಾವಿಗೇ ಮುಗಿಯುತ್ತಿದ್ದವು ಎಂದು ಅತ್ತಳು. ಮಾವ ಸತ್ತಾಗ ಎಂಬತ್ತೊಂದು ವರ್ಷವಾಗಿತ್ತು, ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದರು. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗ್ಲೆಂಡಾ ಓಡಿ ಬಂದಳು. ಟ್ಯಾಬಿನಲ್ಲಿ ಮೆಟ್ಟಿಲಿಗೆ ಗುಂಡಿಯಿರಲಿಲ್ಲ. ಮೆಟ್ಟಿಲು ಕಾರ್ಖಾನೆಯಲ್ಲೇ ಎರಕವಾಗಿ ಬರುತ್ತದೆ, ಹದಿನೈದರದ್ದೂ ಇದೆ, ಹದಿನಾರರದ್ದೂ ಇದೆ, ಇಂಥ ತಕರಾರು ಕೇಳಿ ಕೇಳಿಯೇ ಎರಡು ಮಾಡಿಸಿದ್ದೇವೆ ಎಂದಳು. ಹದಿನಾರರದ್ದಕ್ಕೆ ಕೆಳಗೊಂದು ತಿರುವು ಬರುತ್ತದೆ, ಅದನ್ನು ಹೊರುವ ಗಟ್ಟಿ ಗೋಡೆಯೂ ಜೊತೆಗೇ ಎರಕವಾಗಿ ಬರುತ್ತದೆ, ಮೆಟ್ಟಿಲ ಕೆಳಗಿನ ಜಾಗ ಪೂರ್ತಿ ಮುಚ್ಚಿಹೋಗುತ್ತದೆ. ಇವರ ಸಾಲಿನ ಮನೆಗಳಿಗೆ ಲಾರಿ ಎರಡು ಗಂಟೆಗೆ ಹೊರಡುತ್ತದೆ, ಸಂಜೆಯೊಳಗೆ ಕ್ರೇನಿನಲ್ಲಿ ಕೂರಿಸಿಬಿಡುತ್ತಾರೆ. ಬದಲಾಯಿಸುವುದಾದರೆ ರೊವೆನಾಳ ಪರವಾಗಿ ಸಹಿ ಹಾಕುವ ಅಧಿಕಾರಪತ್ರ ಇರುವವರು ಕಾಗದದ ಮೇಲೆ ಸಹಿ ಹಾಕಬೇಕು. ಅಧಿಕಾರಪತ್ರ ಇದ್ದದ್ದು ಸೆಲ್ಮೊನ ಹತ್ತಿರ.

ಮೂವರೂ ಅವನ ಕಡೆ ತಿರುಗಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅವನ ಸಹಿ ಯಾರಿಗಾದರೂ ಬೇಕಾದದ್ದು ಇದೇ ಮೊದಲು.

"ನಾನಾಯ್," ಎಂದ ಸೆಲ್ಮೊ. "ಆ ಜಾಗ ನಂಗೆ ಬೇಕು. ಕೂತು ಕೆಲಸ ಮಾಡೋಕೆ. ನಂಗೆ ಆ ಮನೇಲಿ ಬೇರೆ ಏನೂ ಬೇಡ."

ನಾನಾಯ್ ಅವನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ನೆಸ್ಟರ್ ಕೂಡ, ಪಾಪ, ಆರು ವರ್ಷದಿಂದ ಮೇಜು ಬಾಚ್ತಾನೇ ಇದಾನೆ ಎಂದ. ಆಗ ಚೌಕಾಸಿ ಶುರುವಾಯಿತು. ಕೊನೆಗೆ ಆದ ಒಪ್ಪಂದ ಇದು: ಮನೆಯ ಹಿಂಬದಿಗೆ ಹೊಗೆ ಏಳುವ ಅಡಿಗೆಗೆಂದೇ ಇರುವ ಎರಡನೆಯ ಅಡಿಗೆಮನೆಯಲ್ಲಿ, ಮೀನು ಹುರಿಯುವ ಕಡೆ, ಕಿಟಕಿಯ ಪಕ್ಕ ಸೆಲ್ಮೊಗೆ ಮೇಜು. ಅದನ್ನು ಯಾರೂ ಅಳಿಸಕೂಡದು. ಬದಲಿಗೆ ಅವನು ಮೆಟ್ಟಿಲಿಗೆ ಸಹಿ ಹಾಕಬೇಕು. ಬಾಲ ಯೇಸುವಿನ ಮೇಲೆ ಆಣೆಯಿಟ್ಟು ಮೂವರೂ ಒಪ್ಪಿದರು. ಸೆಲ್ಮೊ ಟ್ಯಾಬಿನಲ್ಲಿ ಕಿಟಕಿಯ ಪಕ್ಕ ಮೇಜು ಒತ್ತಿ, ಹತ್ತರವರೆಗೆ ಎಣಿಸಿದ. ಮೇಜು ಅಲ್ಲೇ ಇತ್ತು. ಗಾಳಿ, ಬೆಳಕು ಎರಡೂ ಬರುವ ಜಾಗ. ಮೆಟ್ಟಿಲ ಕೆಳಗಿನ ಕತ್ತಲಿಗಿಂತ ಇದೇ ವಾಸಿ ಎಂದು ಅವನಿಗೇ ಅನ್ನಿಸಿ ಕಣ್ಣು ಒದ್ದೆಯಾಯಿತು.

ಗ್ಲೆಂಡಾ ಮಾತ್ರ ಕಾಗದವನ್ನು ಬೇಗ ಮುಂದೆ ಮಾಡಲಿಲ್ಲ. ಯೋಚನೆ ಮಾಡಿದ್ದೀರಾ ಸರ್ ಎಂದು ಮೂರು ಸಲ ಕೇಳಿದಳು. "ಒಂದ್ಸಲ ಮೇಡಂಗೆ ಫೋನ್ ಮಾಡಿ ಕೇಳಬಹುದಲ್ಲ ಸರ್," ಎಂದಳು. ಅವಳು ಡ್ಯೂಟಿಯಲ್ಲಿದ್ದಾಳೆ, ಫೋನು ಎತ್ತುವುದಿಲ್ಲ ಎಂದು ನಾನಾಯ್ ಗದರಿದಳು. ಎರಡಕ್ಕೆ ಹತ್ತು ನಿಮಿಷವಿರುವಾಗ ಸೆಲ್ಮೊ ಸಹಿ ಹಾಕಿದ. ಟ್ಯಾಬಿನಲ್ಲಿ 'ಮುಗಿಯಿತು' ಒತ್ತಿದ ಕೂಡಲೇ ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನಾಯ್‌ಗೆ ಕಣ್ಣಾರೆ ಕಂಡ ಹೊರತು ನಂಬಿಕೆಯಿಲ್ಲ. ಮೆಟ್ಟಿಲು ಕೂರಿಸುವುದನ್ನು ನೋಡಲು ಮಗನನ್ನೂ ಚಾರಿಂಗ್‌ಳನ್ನೂ ಎಬ್ಬಿಸಿಕೊಂಡು ಲಾರಿಯ ಹಿಂದೆಯೇ ಹೊರಟಳು. ಸೆಲ್ಮೊ ಉಳಿದುಕೊಂಡ. ನಾಳೆ ಯಾರಾದರೂ ಮಾತು ತಪ್ಪಿದರೆ ತೋರಿಸಲು ಆರಿಸಿದ್ದರ ಒಂದು ಪ್ರತಿ ಕೈಯಲ್ಲಿರಲಿ ಎಂಬುದು ಅವನ ಯೋಚನೆ. ಅರ್ಧ ಗಂಟೆ ಕಾಯಿಸಿದರು, ಒಂದು ಗಂಟೆ ಕಾಯಿಸಿದರು. ಮತ್ತೆ ಮತ್ತೆ ಕೇಳಿದಾಗ ಗ್ಲೆಂಡಾ ಎದ್ದು ಬಾಗಿಲು ಮುಚ್ಚಿದಳು.

"ಕೂತ್ಕೊಳ್ಳಿ ಸರ್. ಪ್ರತಿ ಬರಲ್ಲ. ಆ ಟ್ಯಾಬು ಯಾವುದಕ್ಕೂ ಸೇರಿಲ್ಲ."

ಸೆಲ್ಮೊಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮನೆ ಕೊಳ್ಳುವವರಲ್ಲಿ ಅರ್ಧ ಜನ ಹೊರದೇಶದಲ್ಲಿ ದುಡಿಯುವವರು. ಅವರ ಪರವಾಗಿ ಇಲ್ಲಿನ ನೆಂಟರು ಬಂದು ಆರಿಸುತ್ತಿದ್ದರು. ಜಗಳವಾಗಿ ಕಂಪನಿಗೆ ದೂರು ಬರುತ್ತಿತ್ತು. ಹಾಗಾಗಿ ಈಗ ಕೊಂಡವರು ಅಲ್ಲಿಂದಲೇ ಫೋನಿನಲ್ಲಿ ಆರಿಸುತ್ತಾರೆ, ನೆಂಟರ ಸಮಾಧಾನಕ್ಕೆ ಕಂಪನಿ ಈ ಟ್ಯಾಬು ಕೊಡುತ್ತದೆ. ಬರುತ್ತಾರೆ, ಒತ್ತುತ್ತಾರೆ, ಊಟ ಮಾಡುತ್ತಾರೆ, ಖುಷಿಯಾಗಿ ಹೋಗುತ್ತಾರೆ. ಇದು ಬಂದಮೇಲೆ ಒಂದು ದೂರೂ ಇಲ್ಲ.

"ಮನೆ ಆದ್ಮೇಲೆ ಗೊತ್ತಾಗಲ್ವಾ?"

"ಯಾರಿಗೂ ನೆನಪಿರಲ್ಲ ಸರ್. ಕಪ್ಪು ಒತ್ತಿದೋರು ಬಿಳಿ ಗೋಡೆ ನೋಡಿ, ಇದು ನಾನೇ ಆರಿಸಿದ್ದು ಅಂತಾರೆ. ನಿಮ್ಮ ಮೇಡಮ್ಮೂ ಮೂರು ವಾರದ ಹಿಂದೇನೇ ಎಲ್ಲ ಆರಿಸಿದಾರೆ. ನಿಮಗೆ ಹೇಳಬೇಡಿ ಅಂದಿದ್ರು."

ಸೆಲ್ಮೊ ಕೇಳಿದ. "ಹಾಗಾದ್ರೆ ಮೆಟ್ಟಿಲಿನ ಕಾಗದ?"

"ಅದೊಂದೇ ನಿಜ ಸರ್," ಎಂದು ಗ್ಲೆಂಡಾ ತಲೆ ತಗ್ಗಿಸಿದಳು.

ಆಗಲೇ ಅವನ ಫೋನಿಗೆ ವಿಡಿಯೊ ಕರೆ ಬಂತು. ರೊವೆನಾ. ಡ್ಯೂಟಿ ಮುಗಿದಿತ್ತು, ಮುಖದ ಮೇಲೆ ಮಾಸ್ಕಿನ ಗೆರೆಗಳು ಹಾಗೇ ಇದ್ದವು, ಆದರೂ ನಗುತ್ತಿದ್ದಳು. ನೆಂಟರ ದಿನ ಮುಗಿಯಿತೆಂದು ಕಂಪನಿಯಿಂದ ಸಂದೇಶ ಬಂತು, ಇನ್ನು ಹೇಳಬಹುದು, ಒಂದು ಚಿತ್ರ ಕಳಿಸಿದ್ದೇನೆ ನೋಡು ಎಂದಳು. ಸೆಲ್ಮೊ ನೋಡಿದ. ಮೆಟ್ಟಿಲ ಕೆಳಗೆ ಒಂದು ಮೇಜು. ಅವನು ಆಸೆಪಟ್ಟದ್ದಕ್ಕಿಂತ ಅರ್ಧ ಮೊಳ ಉದ್ದವೇ ಇತ್ತು. ಮೇಲೆ ಬಗ್ಗಿಸಬಹುದಾದ ದೀಪ, ಹಿಂದೆ ಸಾಲಾಗಿ ಹತ್ತು ಕೊಕ್ಕೆ, ಪಕ್ಕದಲ್ಲಿ ಸಣ್ಣ ಸ್ಕ್ರೂಗಳಿಗೆ ಪುಟ್ಟ ಪುಟ್ಟ ಡ್ರಾಯರು.

"ಒಂದು ಸಲ ನೀನು ಮೆಟ್ಟಿಲ ಕೆಳಗೆ ಎಷ್ಟು ಎತ್ತರ ಇರುತ್ತೆ ಅಂತ ಕೇಳಿ, ತಕ್ಷಣ ಮಾತು ತಿರುಗಿಸಿದೆ," ಎಂದಳು ರೊವೆನಾ. "ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಹಿಂಬದಿ ಅಡಿಗೆಮನೆ ಬೇಡ ಅಂತ ಅದನ್ನ ತೆಗೆಸಿ, ಆ ದುಡ್ಡಲ್ಲಿ ಈ ಮೇಜು ಹಾಕಿಸ್ದೆ. ಹದಿನಾರು ಮೆಟ್ಟಿಲಾದ್ರೆ ಜಾಗ ಮುಚ್ಚಿಹೋಗುತ್ತೆ ಅಂದ್ರು, ಹದಿನೈದೇ ಇರಲಿ ಅಂದೆ. ಸಾವಿಗೆ ಮುಗಿಯುತ್ತೆ ಅಂತ ಗೊತ್ತು. ಅದನ್ನ ವಾರ್ಡಲ್ಲಿ ದಿನಾ ನೋಡ್ತೀನಿ, ನಂಗೇನು ಭಯ ಇಲ್ಲ. ಇಷ್ಟ ಆಯ್ತಾ?"

"ತುಂಬಾ ಚೆನ್ನಾಗಿದೆ," ಎಂದ ಸೆಲ್ಮೊ. ಅಂಗಿಯ ತೋಳಿಗೆ ಮುಖ ಒತ್ತಿಕೊಂಡ.

ಅವನು ಅಳುತ್ತಿರುವುದು ಸಂತೋಷಕ್ಕೆ ಎಂದುಕೊಂಡು ಅವಳಿಗೂ ಅಳು ಬಂತು. ಅಷ್ಟರಲ್ಲಿ ನೆಸ್ಟರ್ ಕಳಿಸಿದ ಫೋಟೋ ಒಂದು ಬಂದು ರೊವೆನಾಳ ಹಣೆಯನ್ನು ಮರೆಮಾಡಿತು. ಕ್ರೇನಿನ ಸರಪಳಿ ಆಗಲೇ ಬಿಚ್ಚಿಯಾಗಿತ್ತು. ನಾನಾಯ್ ಹದಿನಾರನೆಯ ಮೆಟ್ಟಿಲ ಮೇಲೆ, ಚಿನ್ನದ ಮೇಲೆ, ಶಾವಿಗೆಯ ಚೀಲ ಹಿಡಿದು ನಿಂತಿದ್ದಳು. ಮೆಟ್ಟಿಲ ಕೆಳಗೆ ಬಾಗಿಲಿಲ್ಲದ, ಕಿಟಕಿಯಿಲ್ಲದ ಬೋಳು ಗೋಡೆ.

"ಅಮ್ಮ ಮೆಟ್ಟಿಲು ಎಣಿಸಿ ಏನಾದ್ರೂ ತಕರಾರು ತೆಗೆದ್ಳಾ?" ಎಂದು ರೊವೆನಾ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಇಲ್ಲ," ಎಂದ ಸೆಲ್ಮೊ. "ಯಾರೂ ಏನೂ ಅನ್ಲಿಲ್ಲ."