ಮೊಮ್ಮಗಳ ಬಾಯಿ ಬಿಡಿಸಹೊರಟ ಹೆಡ್‌ಮಾಸ್ಟರು

೧೯೭೩ನೆಯ ಇಸವಿ ಜುಲೈ ಒಂಬತ್ತನೆಯ ತಾರೀಖು, ಸೋಮವಾರ. ಆಷಾಢ ಹಿಡಿದು ಒಂದು ವಾರವಾಗಿತ್ತು. ರಾಜಾಜಿನಗರದಲ್ಲಿ ಬೆಳಗಿನಿಂದ ಗಾಳಿಯೋ ಗಾಳಿ, ನಡುನಡುವೆ ಸೋನೆ. ಇಂಥ ಹವೆಯಲ್ಲಿ ಉಳಿದವರು ಕಿಟಕಿ ಮುಚ್ಚಿ ಬೆಚ್ಚಗೆ ಕೂರುತ್ತಾರೆ. ನಿವೃತ್ತ ಹೆಡ್‌ಮಾಸ್ಟರು ಸಿದ್ದಬಸಪ್ಪನವರು ಮಾತ್ರ ನಡುಮನೆಯ ಗೋಡೆಗೆ ವೇಳಾಪಟ್ಟಿಯೊಂದನ್ನು ಅಂಟಿಸಿ, ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ ಘೋಷಿಸಿದರು:

"ಮೂವತ್ತೊಂದು ವರ್ಷದಲ್ಲಿ ಎಂಥೆಂಥ ಮೊದ್ದುಗಳ ಬಾಯಿ ಬಿಡಿಸಿದ್ದೇನೆ! ಅಂಗೈಯಗಲದ ಈ ಮಗು ಯಾವ ಲೆಕ್ಕ? ಜುಲೈ ಮೂವತ್ತೊಂದರ ಒಳಗೆ ನೀಲಾಂಬಿಕೆ ಮಾತಾಡುತ್ತಾಳೆ. ಅದೂ ಶುದ್ಧವಾಗಿ!"

ಮನೆಮಂದಿ ಎಂದರೆ ಇಬ್ಬರೇ: ಹೆಂಡತಿ ಶಾಂತವ್ವ, ಸೊಸೆ ಬಸವರಾಜೇಶ್ವರಿ. ಮಗ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗಿ ಪಾರಾಗಿದ್ದ. ಮೊಮ್ಮಗಳು ನೀಲಾಂಬಿಕೆ ಹುಟ್ಟಿದ್ದು ೧೯೭೦ರ ಡಿಸೆಂಬರ್ ಐದರಂದು. ಎಂದರೆ ಆ ದಿನಕ್ಕೆ ಎರಡು ವರ್ಷ, ಏಳು ತಿಂಗಳು, ನಾಲ್ಕು ದಿನ. ಓಡುತ್ತಿದ್ದಳು, ನಗುತ್ತಿದ್ದಳು, ಬೇಕಾದ್ದನ್ನು ಬೆರಳು ತೋರಿಸಿಯೇ ಗಿಟ್ಟಿಸುತ್ತಿದ್ದಳು. ಮಾತು ಮಾತ್ರ ಒಂದೂ ಇಲ್ಲ. ಎದುರುಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ ಜಗಳವಾಡುವಷ್ಟು ಮುಂದುವರಿದಿದ್ದಳು. ಮಗು ಮೂಗಿಯೇನೋ ಎಂಬ ಹೆದರಿಕೆಯಿಂದ ಬಸವರಾಜೇಶ್ವರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಬಜೆ ತೇಯ್ದು ನಾಲಿಗೆಗೆ ಹಚ್ತೀನ್ರೀ, ಮಾತು ತಾನೇ ಬರ್ತದೆ" ಎಂದರು ಶಾಂತವ್ವ.

"ಅವೈಜ್ಞಾನಿಕ! ಮಗುವನ್ನು ಕೆಡಿಸಿದವರೇ ನೀವು. ಬುವ್ವ, ತಾಚಿ, ಟಾಟಾ! ಇದೂ ಒಂದು ಭಾಷೆಯೇ? ಇಂದಿನಿಂದ ಈ ಮನೆಯಲ್ಲಿ ಪೂರ್ಣ ವಾಕ್ಯ. ತಪ್ಪಿದವರು ತಿದ್ದಿಕೊಂಡು ಮೂರು ಸಲ ಹೇಳತಕ್ಕದ್ದು."

ಅಂದೇ ಮಧ್ಯಾಹ್ನ ಶಾಂತವ್ವ ತಟ್ಟೆ ಹಿಡಿದು ಬಂದರು. "ಬುವ್ವ ಉಣ್ತೀಯೇನೇ, ನನ್ನ ಬಂಗಾರ?"

"ಏ ಇವಳೇ! ಮೂರು ಸಲ!"

"ಬಂಗಾರದಂಥ ಮೊಮ್ಮಗಳೇ, ನೀನು ಅನ್ನವನ್ನು ಉಣ್ಣುತ್ತೀಯಾ?" ಎಂದು ಶಾಂತವ್ವ ಮೂರನೆಯ ಸಲ ಮುಗಿಸುವಷ್ಟರಲ್ಲಿ ಅನ್ನ ಆರಿತ್ತು, ಮೊಮ್ಮಗಳು ಮಲಗಿ ನಿದ್ದೆ ಹೋಗಿದ್ದಳು.

ವೇಳಾಪಟ್ಟಿಯ ಪ್ರಕಾರ ಎಂಟು ಗಂಟೆಗೆ ಸ್ವರ, ಒಂಬತ್ತಕ್ಕೆ ನಾಮಪದ, ಸಂಜೆ ನಾಲ್ಕಕ್ಕೆ ಕ್ರಿಯಾಪದ. ಪ್ರತಿ ಪಾಠಕ್ಕೂ ಹಿತ್ತಾಳೆಯ ಗಂಟೆ! "ಇದೇನು? ಚೆಂಬು! ಇದೇನು? ಚಾಪೆ! ನಾನು ಯಾರು? ಅಜ್ಜ!" ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ತನಗೆ ಏನೂ ಕೆಲಸವಿಲ್ಲವೆಂದು ಕಂಡುಕೊಂಡ ನೀಲಾಂಬಿಕೆ ಚಪ್ಪಾಳೆ ತಟ್ಟಿ ಮೆಚ್ಚುಗೆ ಸೂಚಿಸುತ್ತಿದ್ದಳು.

ಇತ್ತ ಅತ್ತೆ ಸೊಸೆಯರು ಒಂದು ಉಪಾಯ ಕಂಡುಕೊಂಡರು. ಬಾಯಿ ಬಿಟ್ಟರಲ್ಲವೇ ತಪ್ಪು? ಬಿಡುವುದೇ ಬೇಡ! ಉಪ್ಪು ಬೇಕಾದರೆ ಬೆರಳು ಉಜ್ಜುವುದು, ಅಂಚೆಯವನು ಬಂದರೆ ಬಾಗಿಲ ಕಡೆ ಕೈ ಮಾಡುವುದು, ಯಜಮಾನರು ಬಂದರೆ ಮೂಗಿನ ಮೇಲೆ ಕನ್ನಡಕ ಬರೆದು ತೋರಿಸುವುದು. ಒಂದು ವಾರದೊಳಗೆ ಮಗು ಮನೆಯವರ ಭಾಷೆ ಕಲಿಯುವ ಬದಲು, ಮನೆಯವರೆಲ್ಲ ಮಗುವಿನ ಭಾಷೆಯಲ್ಲಿ ಪಾಸಾದರು. ನೀಲಾಂಬಿಕೆಗೆ ಹಿಡಿಸಲಾರದಷ್ಟು ಸಂತೋಷ!

ಹಾಲಿನ ಅಕ್ಕಯ್ಯಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟಳು: "ಏನ್ ಮೇಷ್ಟ್ರೇ, ಅಮ್ಮಾವ್ರೂ ಸೊಸೇವ್ರೂ ಮಾತೇ ಆಡಾಕಿಲ್ವಲ್ಲ? ಮಗೀಂದು ಅಂಟ್ಕೋತಾ?"

"ಅಕ್ಕಯ್ಯಮ್ಮ, 'ಆಡುವುದಿಲ್ಲವಲ್ಲ' ಎನ್ನಬೇಕು. ಮೂರು ಸಲ."

"ಹಾಲ್ ಬೇಕಾ ಬ್ಯಾಡ್ವಾ ಹೇಳಿ ಸಾಮಿ! ಇನ್ನೂ ನಾಕ್ ಮನೆಗೆ ಹಾಕ್ಬೇಕು."

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ಮೇಷ್ಟ್ರ ಮನೆಯಲ್ಲಿ ನಾಲಿಗೆ ಬೀಳುವ ಕಾಯಿಲೆ!

ಜುಲೈ ಇಪ್ಪತ್ತಾರರ ಗುರುವಾರ ಬಸವರಾಜೇಶ್ವರಿಯ ಕಟ್ಟೆ ಒಡೆಯಿತು. "ಮಾವಾರೇ, ನಿಮ್ಮ ಪಾಠ ಸಾಕು. ಮೊದಲು ಕೂಸಿನ ಮುಖನಾದ್ರೂ ನೋಡಿ ನಗ್ತಾ ಮಾತಾಡಿಸ್ತಿದ್ದೆ. ಈಗ ಅದೂ ಹೋಯ್ತು. ನಾಳೆ ಡಾಕ್ಟ್ರ ಹತ್ರ ಹೋಗೋದೇ. ಮೂಗಿ ಅಂದ್ರೆ ಮೂಗಿ, ಗೊತ್ತಾದ್ರೂ ಆಗ್ಲಿ!" ಎಂದು ಅತ್ತಳು. ಇದನ್ನು ತಿದ್ದಿಸಿ ಮೂರು ಸಲ ಹೇಳಿಸುವ ಧೈರ್ಯ ಸಿದ್ದಬಸಪ್ಪನವರಿಗೂ ಬರಲಿಲ್ಲ. ಆ ರಾತ್ರಿ ಅವರು ಊಟವನ್ನೂ ಮುಟ್ಟಲಿಲ್ಲ.

ಮರುದಿನ ಹತ್ತೂವರೆಗೆ ವಿಜಯನಗರದಲ್ಲಿ, ಮಕ್ಕಳ ಡಾಕ್ಟರು ಜಯದೇವಿಯವರ ಮುಂದೆ ಎಲ್ಲರೂ ಕೂತರು.

"ಪುಟ್ಟಿ, ನಿನ್ನ ಹೆಸರೇನಮ್ಮ?"

"ನೀಲಾಂಬಿಕೆ!" ಎಂದರು ಸಿದ್ದಬಸಪ್ಪನವರು.

"ಯಾರ ಜೊತೆ ಬಂದೆ?"

"ಅಜ್ಜ, ಅಜ್ಜಿ ಮತ್ತು ತಾಯಿಯೊಡನೆ ಬಂದೆನು!"

ಪಾಪ, ಅವರ ತಪ್ಪೂ ಅಲ್ಲ. ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರು ಬಂದಾಗ, ಹುಡುಗ ತಡವರಿಸುವ ಮೊದಲೇ ಹಿಂದಿನಿಂದ ಉತ್ತರ ಉಸುರಿ ಶಾಲೆಯ ಮಾನ ಕಾಯುವುದು ಮೂವತ್ತೊಂದು ವರ್ಷದ ಅಭ್ಯಾಸ!

ಡಾಕ್ಟರು ಮಗುವಿನ ಬೆನ್ನ ಹಿಂದೆ ಬೀಗದ ಕೈ ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿದರು. ನೀಲಾಂಬಿಕೆ ಥಟ್ಟನೆ ತಿರುಗಿದಳು. ಪಿಸುದನಿಯಲ್ಲಿ ಕರೆದರು, ಅದಕ್ಕೂ ತಿರುಗಿದಳು.

"ಕಿವಿ ಚೆನ್ನಾಗಿದೆ. ಈ ಗೊಂಬೆ ಯಾವುದು ಪುಟ್ಟಿ?"

"ಆನೆ! ಹೇಳಮ್ಮ, ಆನೆ!"

ಡಾಕ್ಟರು ಪೆನ್ನು ಕೆಳಗಿಟ್ಟು, ಥರ್ಮಾಮೀಟರನ್ನು ಒದರಿದರು. "ಯಜಮಾನರೇ, ಮಗು ಇದನ್ನ ಕಂಡ್ರೆ ಹೆದರಬಹುದು. ಮೊದಲು ನಿಮಗೆ ಇಡ್ತೀನಿ, ನೋಡ್ಲಿ. ಎರಡು ನಿಮಿಷ ತುಟಿ ಬಿಚ್ಚಬಾರದು. ಗಾಜು ಒಡೆದ್ರೆ ಒಳಗಿರೋದು ಪಾದರಸ!"

ಹೆಡ್‌ಮಾಸ್ಟರ ಬಾಯಿಗೆ ಬೀಗ ಬಿತ್ತು. ಕೋಣೆ ನಿಶ್ಶಬ್ದವಾಯಿತು. ಯಾರೂ ಏನನ್ನೂ ಕೇಳಲಿಲ್ಲ, ಯಾರೂ ಏನನ್ನೂ ಹೇಳಿಕೊಡಲಿಲ್ಲ. ಗೋಡೆಯ ಗಡಿಯಾರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ನೀಲಾಂಬಿಕೆ ಅಮ್ಮನ ಮಡಿಲಿಂದ ಇಳಿದು ಅಜ್ಜನ ಎದುರು ಬಂದಳು. ಆ ಹೊಳೆಯುವ ಕಡ್ಡಿಯನ್ನು ನೋಡಿದಳು. ಅಜ್ಜನ ಕಣ್ಣು ನೋಡಿದಳು. ಕೊನೆಗೆ ಅವರ ಗಲ್ಲದ ಕೆಳಗೆ ಪುಟ್ಟ ಅಂಗೈ ಒಡ್ಡಿ, ಕಟ್ಟುನಿಟ್ಟಾಗಿ ಹೇಳಿದಳು:

"ಅಜ್ಜಾ! ಥೂ ಮಾಡು!"

ಬಸವರಾಜೇಶ್ವರಿ ಅಳುತ್ತ ನಗುತ್ತ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಶಾಂತವ್ವ ಗೋಡೆಯ ಮೇಲಿನ ಕ್ಯಾಲೆಂಡರಿನ ಶಿವನಿಗೆ ಕೈಮುಗಿದರು. "ಮ್ಮ್! ಮ್ಮ್ಮ್!" ಎಂದರು ಸಿದ್ದಬಸಪ್ಪನವರು.

"ಇನ್ನೂ ಒಂದು ನಿಮಿಷ ಇದೆ, ಬಾಯಿ ತೆಗೀಬೇಡಿ" ಎಂದರು ಡಾಕ್ಟರು.

ಆ ಒಂದು ನಿಮಿಷದಲ್ಲಿ ನೀಲಾಂಬಿಕೆ "ಕಡ್ಡಿ", "ಬೇಡ", "ಅಜ್ಜ ಅಳು" ಎಂದೂ ನುಡಿದಳು. ಕೊನೆಯದು ಸತ್ಯಸ್ಯ ಸತ್ಯ. ಹೆಡ್‌ಮಾಸ್ಟರ ಕೆನ್ನೆ ತೊಯ್ದುಹೋಗಿತ್ತು.

"ಮಗುಗೆ ಏನೂ ಆಗಿಲ್ಲ. ಸ್ವಲ್ಪ ನಿಧಾನ, ಅಷ್ಟೆ" ಎಂದರು ಡಾಕ್ಟರು. "ಬುವ್ವ ಅನ್ನಿ, ತಾಚಿ ಅನ್ನಿ, ಮಗು ಜೊತೆ ಮಾತಾಡ್ತಾ ಇರಿ. ಆದ್ರೆ ಅದರ ಸರದಿ ಬಂದಾಗ ಅದಕ್ಕೆ ಬಿಟ್ಕೊಡಿ. ಒಂದು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ." ಹೀಗೆಂದು ಚೀಟಿಯೊಂದನ್ನು ಬರೆದುಕೊಟ್ಟರು.

ಸಿದ್ದಬಸಪ್ಪನವರು ಹೊರಗೆ ಬಂದು ಕನ್ನಡಕ ಒರೆಸಿಕೊಂಡು ಓದಿದರು. ರೋಗಿಯ ಹೆಸರು: ಸಿದ್ದಬಸಪ್ಪ. ವಯಸ್ಸು: ಅರವತ್ತೊಂದು. ಜ್ವರ: ಇಲ್ಲ. ಚಿಕಿತ್ಸೆ: ಪ್ರತಿ ಪ್ರಶ್ನೆಯ ನಂತರ ಬಾಯಿ ಮುಚ್ಚಿಕೊಂಡು ಹತ್ತು ಎಣಿಸುವುದು.

ವೇಳಾಪಟ್ಟಿಯನ್ನು ಜುಲೈ ಇಪ್ಪತ್ತೆಂಟರ ಶನಿವಾರ ತೆಗೆಯಲಾಯಿತು. ಆಗಸ್ಟ್ ಮೂವತ್ತೊಂದರ ವೇಳೆಗೆ ನೀಲಾಂಬಿಕೆ ನಲವತ್ತಮೂರು ಮಾತು ಆಡುತ್ತಿದ್ದಳು. ಡಿಸೆಂಬರ್ ಐದರಂದು ಅವಳಿಗೆ ಮೂರು ತುಂಬಿತು. ಸಿದ್ದಬಸಪ್ಪನವರ ಚಿಕಿತ್ಸೆ ಮುಂದುವರಿದಿದೆ.