ಪಂಪಿನ ಬಾಯಿಗೆ ಭಂಡಾರ

ಚಿದಾನಂದನ ಸೈಕಲ್ಲಿಗೆ, ನೀರಿನ ಬಾಟಲಿಯ ಮಗ್ಗುಲಲ್ಲಿ, ಗೇಣಿಗಿಂತ ಗಿಡ್ಡನೆಯ ಒಂದು ಸ್ಟೀಲ್ ಕೊಳವೆ ಇತ್ತು. ಹಾಲಸಿದ್ದಪ್ಪ ನೆಮ್ಮದಿ ಕಳೆದುಕೊಂಡದ್ದು ಅದರಿಂದ.

ಜಮಖಂಡಿಯ ಗಾಲಿ ಬಳಗದವರು ರವಿವಾರಕ್ಕೊಮ್ಮೆ ಒಟ್ಟಾಗಿ ಸೈಕಲ್ ತುಳಿಯುತ್ತಾರೆ. ಹೋದ ವರ್ಷ ಅಂಥ ಒಂದು ಮುಂಜಾನೆ ಆ ಕೊಳವೆಯನ್ನು ಮೊದಲು ಕಂಡವನೂ ಹಾಲಸಿದ್ದಪ್ಪನೇ. "ಏ ಚಿದಾನಂದ, ಎಂಥಾ ಸಣ್ಣ ಪಂಪ್ ಹಚ್ಚೀಯಲೇ! ಎಲ್ಲಿ ತೊಗೊಂಡಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ್ದ. ಬಳಗವೆಲ್ಲ ತಿರುಗಿ ನೋಡಿತು. ಚಿದಾನಂದ ಏನೂ ಹೇಳಲಿಲ್ಲ. ಸುಮ್ಮನೆ ನಕ್ಕ.

ಹಾಲಸಿದ್ದಪ್ಪ ಊರಿನ ಗ್ರಂಥಾಲಯದಲ್ಲಿ ಸಹಾಯಕ. ಮೌನದಲ್ಲಿ ಎಷ್ಟು ತರಹ ಇವೆ ಎಂದು ಬಲ್ಲವನು. ಓದುವವರ ಮೌನ, ಕೂತಲ್ಲೇ ನಿದ್ದೆ ಹೋದವರ ಮೌನ, ಪುಸ್ತಕದ ಹಾಳೆ ಹರಿದು ಕೂತವರ ಮೌನ. ಚಿದಾನಂದನದು ಇವು ಯಾವುದೂ ಅಲ್ಲ, ಅದು ಉಳ್ಳವನ ಮೌನ ಎಂದು ಅವನು ಅಂದೇ ತೀರ್ಮಾನಿಸಿಬಿಟ್ಟ.

ಉಳ್ಳವನೇ ಸರಿ. ಚಿದಾನಂದನಿಗೆ ಪೇಟೆಯಲ್ಲಿ ಸೀರೆ ಅಂಗಡಿ ಇತ್ತು. ಸೈಕಲ್ ಒರೆಸಲಿಕ್ಕೆ ರೇಷ್ಮೆಯ ತುಂಡು ಇತ್ತು. ಗಾಲಿಗೆ ಹವಾ ತುಂಬುವ ವಾಲ್ವಿನ ತುದಿಗೂ, ಮಿಕ್ಕವರಂತೆ ಕರೀದಲ್ಲ, ಹಾಲಿನಂಥ ಬಿಳಿ ಟೊಪ್ಪಿಗೆ ಇತ್ತು. ಇಷ್ಟೆಲ್ಲ ಇದ್ದವನಿಗೆ ಪಂಪೂ ಯಾಕಿರಬೇಕು?

ಅದನ್ನು ಯಾರೂ ಬಳಸಿ ನೋಡಿದ್ದಿಲ್ಲ ಎಂಬುದು ಬೇರೆ ಮಾತು. ದಾರಿಯಲ್ಲಿ ಯಾರ ಗಾಲಿ ಹವಾ ಹೋಗಿ ಕೂತರೂ ಬಳಗದ ಪರಸಪ್ಪ ತನ್ನ ಕಬ್ಬಿನ ಗಳದಂಥ ಪಂಪ್ ಎಳೆದು, "ಚಿದಾನಂದಂದು ಬ್ಯಾಡ್ರೆಪಾ, ನಾಜೂಕಿನ ಸಾಮಾನೈತಿ, ದೂರದ ಸವಾರಿಗೆ ಇರ್ಲಿ" ಎನ್ನುತ್ತಿದ್ದ. ಚಿದಾನಂದ ಮತ್ತೆ ನಗುತ್ತಿದ್ದ. ಹಾಲಸಿದ್ದಪ್ಪನ ಹೊಟ್ಟೆಯಲ್ಲಿ ಯಾರೋ ಬೆಲ್ಲದ ಗಾಣದ ಒಲೆಗೆ ಕಬ್ಬಿನ ಒಣ ರವದಿ ನೂಕಿದಂತಾಗುತ್ತಿತ್ತು.

ಅಂಥದೇ ಪಂಪಿಗಾಗಿ ಅವನು ಅಲೆದ ಅಲೆದಾಟ ಅಷ್ಟಿಷ್ಟಲ್ಲ. ಮುಧೋಳದ ಅಂಗಡಿಯವನು ತೋರಿಸಿದ್ದು ಕಾಲಲ್ಲಿ ಒತ್ತುವಂಥದು. ಬನಹಟ್ಟಿಯವನು ತೋರಿಸಿದ್ದು ಗೇಣುದ್ದದ್ದು, ನಳಿಗೆ ಸಮೇತ, ಗಟ್ಟಿಮುಟ್ಟು. "ಇದನ್ನ ಒಯ್ರಿ ಸರ. ಸಣ್ಣದಾದಂಗ ಹೊಡತ ಜಾಸ್ತಿ, ತೋಳು ಬೀಳ್ತಾವ" ಎಂದ. ಹಾಲಸಿದ್ದಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕಿಂತ ಸಣ್ಣದು ಐತೇನು?" ಕಡೆಗೆ ಮೊಬೈಲಿನಲ್ಲಿ ತಿಂಗಳುಗಟ್ಟಲೆ ಹುಡುಕಿ, ಒಂದನ್ನು ತರಿಸಿದ. ಶನಿವಾರ ಸಂಜೆ ಡಬ್ಬಿ ಬಿಚ್ಚಿದಾಗ ಹೆಂಡತಿ ಪೂನಮ್, "ಅಯ್ಯ, ನನಗ ಕಾಡಿಗಿ ಡಬ್ಬಿ ತರಿಸೀರಂತ ಮಾಡಿದ್ನಿ" ಎಂದು ಎದ್ದು ಹೋದಳು. ಅದು ಚಿದಾನಂದನದಕ್ಕಿಂತ ಎರಡು ಬೆರಳು ಗಿಡ್ಡ ಇತ್ತು. ಹಾಲಸಿದ್ದಪ್ಪ ಅದನ್ನು ತಲೆದಿಂಬಿನ ಮಗ್ಗುಲಲ್ಲಿಟ್ಟುಕೊಂಡು ಮಲಗಿದ.

ಅವಸರಕ್ಕೆ ಕಾರಣ ಇತ್ತು. ಮುಂದಿನ ತಿಂಗಳು ಬಳಗ ಗೋಕರ್ಣದವರೆಗೆ ತುಳಿಯುವುದಿತ್ತು. ಬಾವುಟ ಕಟ್ಟಿಕೊಂಡು ಎಲ್ಲರ ಮುಂದೆ ಹೋಗುವ ಮುಂದಾಳು ಯಾರೆಂದು ಬಳಗದ ಹಿರಿಯ, ನಿವೃತ್ತ ಡ್ರಿಲ್ ಮಾಸ್ತರ ಚನಮಲ್ಲಪ್ಪ ಈ ರವಿವಾರವೇ ಹೇಳುವವರಿದ್ದರು. ಹಾಲಸಿದ್ದಪ್ಪ ಸಾಲಿಯಲ್ಲಿ ಮಾನಿಟರ್ ಕೂಡ ಆದವನಲ್ಲ. ಜನ್ಮದಲ್ಲಿ ಒಮ್ಮೆಯಾದರೂ ಹತ್ತು ಜನ ತನ್ನ ಬೆನ್ನು ನೋಡುತ್ತ ಬರಬೇಕು ಎಂಬುದು ಅವನ ಆಸೆ.

ರವಿವಾರ ಬೆಳಗ್ಗೆ ಹೊರಡುವಾಗ ತಾಯಿ ಹಣಮವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಹೊಸಾ ಸಾಮಾನು, ದೇವರ ಮುಂದ ಇಡದs ಒಯ್ಯಾಕತ್ತೀಯಲಾ, ತಾ ಇಲ್ಲೆ."

"ಯವ್ವಾ, ಅದು ಹವಾ ಹೊಡಿಯೂದು ಬೇ."

"ಏನರ ಇರ್ಲಿ. ಬೀರಪ್ಪನ ಭಂಡಾರ ಹತ್ತದs ನಮ್ಮನ್ಯಾಗ ಯಾವ ಸಾಮಾನೂ ಹೊಸ್ತಿಲಾ ದಾಟಿಲ್ಲ."

ಹಣಮವ್ವ ಪಂಪಿಗೆ ಮೈತುಂಬ ಅರಿಶಿನದ ಭಂಡಾರ ಬಳಿದಳು. ಹಿಡಿಕೆಗೆ ಬಳಿದಳು. ಕೊನೆಗೆ ದೇವರ ಪ್ರಸಾದ ಹೊಟ್ಟೆಗೂ ಹೋಗಲಿ ಎಂದು ಅದರ ಬಾಯಿಗೂ ಒಂದು ಚಿಟಿಕೆ ತುರುಕಿದಳು. ಒರೆಸಲು ಹೊತ್ತಿಲ್ಲದೆ ಹಾಲಸಿದ್ದಪ್ಪ ಅದನ್ನು ಬೆನ್ನಿನ ಕಿಸೆಗೆ ಇಳಿಸಿ ಹೊರಟ.

ಹೊಸ ಪಂಪು ಬಂದಿದೆ ಎಂದು ಹೊರಡುವಾಗಲೇ ಬಳಗಕ್ಕೆಲ್ಲ ಸಾರಿದ, ತೆಗೆದು ಮಾತ್ರ ತೋರಿಸಲಿಲ್ಲ. ಜಮಖಂಡಿಯಿಂದ ಮುಧೋಳ, ಮುಧೋಳದಿಂದ ರನ್ನ ಬೆಳಗಲಿ. ದಾರಿಯುದ್ದಕ್ಕೂ ಅವನ ಕೈ ಮತ್ತೆ ಮತ್ತೆ ಬೆನ್ನಿನ ಕಿಸೆಗೆ ಹೋಗಿ ಪಂಪ್ ಇದೆಯೇ ಎಂದು ಸವರಿ ಬರುತ್ತಿತ್ತು. ಕಣ್ಣು ಮಾತ್ರ ಮುಂದಿನವರ ಗಾಲಿಗಳ ಮೇಲಿತ್ತು. ಯಾರದಾದರೂ ಕೂಡಬಾರದೇ? ಕಬ್ಬಿನ ಟ್ರ್ಯಾಕ್ಟರುಗಳು ಉದುರಿಸಿ ಹೋದ ಮೊಳೆ ಇದ್ದವು, ಜಾಲಿಮುಳ್ಳು ಇತ್ತು, ಒಡೆದ ಗಾಜೂ ಇತ್ತು. ದುಷ್ಟ ಗಾಲಿಗಳು ಒಂದೊಂದೂ ಅವನ್ನು ದಾಟಿಕೊಂಡು ಗುಂಡಗೆ, ಗಟ್ಟಿಯಾಗಿ, ಕ್ಷೇಮವಾಗಿ ಹೋದವು.

ಮಹಾಲಿಂಗಪುರದ ಬಸ್‌ಸ್ಟ್ಯಾಂಡ್ ಬಂತು. ಸೈಕಲ್ಲುಗಳನ್ನು ಹಿಂದಿನ ಗೋಡೆಗೆ ಆನಿಸಿ ಎಲ್ಲರೂ ಚಹಾ, ಮಿರ್ಚಿ ಭಜಿಗೆ ಕೂತರು. ಚನಮಲ್ಲಪ್ಪ ಮೀಸೆ ಒರೆಸಿಕೊಂಡು, "ಚಹಾ ಆದ್ಮ್ಯಾಗ ಮುಂದಾಳಿನ ಹೆಸರು ಹೇಳಿಬಿಡ್ತೇನಿ" ಎಂದರು. ಹೇಳುತ್ತ ಅವರು ನೋಡಿದ್ದು ಚಿದಾನಂದನ ಕಡೆಗೆ.

ಹಾಲಸಿದ್ದಪ್ಪ ಕಚ್ಚಿದ ಭಜಿಯನ್ನು ತಟ್ಟೆಗೆ ಹಾಕಿದ. "ಒಂದಕ್ಕ ಹೋಗಿ ಬರ್ತೇನಿ" ಎಂದು ಎದ್ದ.

ಗೋಡೆಯ ಹಿಂದೆ ಯಾರೂ ಇರಲಿಲ್ಲ. ಅವನು ಮೊದಲು ತನ್ನ ಪಂಪನ್ನು ತೆಗೆದು, ಚಿದಾನಂದನ ಕೊಳವೆಯ ಪಕ್ಕದಲ್ಲಿ ಹಿಡಿದು, ಎರಡು ಬೆರಳಿನ ಗೆಲುವನ್ನು ಮತ್ತೊಮ್ಮೆ ಖಾತ್ರಿ ಮಾಡಿಕೊಂಡ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಗಾಲಿಯ ಬಿಳಿ ಟೊಪ್ಪಿಗೆ ತಿರುವಿ ತೆಗೆದು, ಒಳಗಿನ ಕಡ್ಡಿಯನ್ನು ಉಗುರಿನಿಂದ ಒತ್ತಿದ. ಸುಸ್ಸ್ ಎಂದಿತು. ಗ್ರಂಥಾಲಯದಲ್ಲಿ ಬೆಳೆದ ಅವನ ಕಿವಿಗೆ ಅದು ಸಕ್ಕರೆ ಕಾರ್ಖಾನೆಯ ಭೋಂಗಾದಷ್ಟು ಜೋರಾಗಿ ಕೇಳಿತು. ಗಾಲಿ ರೊಟ್ಟಿಯಷ್ಟು ಚಪ್ಪಟೆಯಾದಾಗ ಟೊಪ್ಪಿಗೆಯನ್ನು ಮೊದಲಿನಂತೆ ತಿರುವಿಟ್ಟು, ಕೈ ಬೀಸಿಕೊಂಡು ಬಂದ.

"ಏನಪಾ ಇದು!" ಸ್ವಲ್ಪ ಹೊತ್ತಿಗೆ ಪರಸಪ್ಪನ ಕೂಗು ಕೇಳಿಸಿತು. "ಚಿದಾನಂದನ ಗಾಲಿ ಮಲಕೊಂಡೈತಿ!"

ಎಲ್ಲರೂ ಓಡಿದರು. ಚಿದಾನಂದ ಬಗ್ಗಿ, ತಾನೇ ಬಿಳಿ ಟೊಪ್ಪಿಗೆ ತಿರುವಿ ತೆಗೆದ. ಅಂಗೈಯಲ್ಲಿಟ್ಟು ಒಂದು ಗಳಿಗೆ ನೋಡಿದ. ನೋಡಿ ಕಿಸೆಗೆ ಹಾಕಿಕೊಂಡ.

"ಇವತ್ತರ ನಿನ್ನ ಪಂಪಿನ ಕರಾಮತ್ತು ತೋರ್ಸೋ" ಎಂದ ಪರಸಪ್ಪ.

ಚಿದಾನಂದ ಹಾಲಸಿದ್ದಪ್ಪನ ಕಡೆ ತಿರುಗಿದ. "ಅವಂದು ಹೊಸಾದು ಬಂದೈತೆಲ್ಲ. ಮದಲ ಅದs ಆಗ್ಲಿ."

ಇಂಥ ಗಳಿಗೆಗೆ ಒಂದು ವರ್ಷ ಕಾದಿದ್ದ ಹಾಲಸಿದ್ದಪ್ಪ ಪಂಪನ್ನು ಕತ್ತಿ ಹಿರಿದಂತೆ ಕಿಸೆಯಿಂದ ಹಿರಿದ. "ಸರ, ಗಾತ್ರ ನೋಡಬ್ಯಾಡ್ರಿ. ಹವಾ ಹೆಂಗ ಬರತೈತಿ, ಇಲ್ಲೆ ಮಾರಿ ತರ್ರಿ" ಎಂದು ಚನಮಲ್ಲಪ್ಪನವರ ಮುಖದತ್ತ ಹಿಡಿದು ಜೋರಾಗಿ ಒಂದು ಹೊಡೆತ ಹೊಡೆದ.

ಭಸ್ಸ್ ಎಂದು ಹಳದಿ ಮೋಡ ಎದ್ದಿತು. ಮೋಡ ಇಳಿದಾಗ ಮಾಸ್ತರರ ಬಿಳಿ ಮೀಸೆ ಜೋಳದ ಹೊಲದಲ್ಲಿ ಅರಳಿದ ಕುಸುಬೆಯಂತಿತ್ತು.

"ಸರs, ನಿಮಗ ಅರಿಶಿಣ ಹಚ್ಚೂದು ಆತು, ಇನ್ನ ಅಕ್ಕಿಕಾಳೊಂದು ಬಾಕಿ!" ಎಂದ ಪರಸಪ್ಪ. ಬೆಲ್ಲದ ಹಮಾಲರು, ಬಸ್ಸಿಗೆ ಕಾದವರು ಸುತ್ತ ನೆರೆದರು. ಯಾವುದೋ ಊರಿನ ಮುದುಕಿ ಮುಂದೆ ಬಂದು, "ಯಾ ದೇವರ ಭಂಡಾರ ಯಪ್ಪಾ, ನನಗೂ ಚೂರು ಹಚ್ಚು" ಎಂದು ಹಣೆ ಒಡ್ಡಿದಳು.

ಚನಮಲ್ಲಪ್ಪ ಸೀನಿ, ಕಣ್ಣೊರೆಸಿಕೊಂಡು, "ದೇವರದೈತಿ, ಇರ್ಲಿ. ಮುಂದ ಹೊಡಿ" ಎಂದರು.

ಹಾಲಸಿದ್ದಪ್ಪ ಹೊಡೆದ. ಬನಹಟ್ಟಿಯ ಅಂಗಡಿಯವನು ಹೇಳಿದ್ದು ಖರೆ. ಒಂದೊಂದು ಹೊಡೆತಕ್ಕೂ ಗುಬ್ಬಿ ಉಸಿರು ಬಿಟ್ಟಷ್ಟು ಹವಾ. ಬಲಗೈ ಸೋತಿತು, ಎಡಗೈ ಸೋತಿತು, ಮತ್ತೆ ಬಲಗೈ. ಹುಬ್ಬಳ್ಳಿ ಬಸ್ಸು ಬಂದು ಹೋಯಿತು. ಹಮಾಲರು ಸರತಿಯಲ್ಲಿ ಬುದ್ಧಿ ಹೇಳಿದರು: ಒಬ್ಬ ನಿಂತು ಹೊಡಿ ಎಂದ, ಒಬ್ಬ ಕೂತು ಹೊಡಿ ಎಂದ, ಇನ್ನೊಬ್ಬ ಬಾಯಿಂದ ಊದಿದ್ದರೆ ಇಷ್ಟೊತ್ತಿಗೆ ಆಗಿಬಿಡುತ್ತಿತ್ತು ಎಂದ. ಚಿದಾನಂದ ನೆರಳಲ್ಲಿ ಕೂತು ಎರಡನೆಯ ಚಹಾ ಕುಡಿದ.

"ನೋಡ್ರಿ ಚಿದಾನಂದನ್ನ" ಎಂದರು ಚನಮಲ್ಲಪ್ಪ. "ತನ್ನ ಗಾಲಿ ಕೂತ್ರೂ ಒಂದು ಮಾತು ಆಡಲಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ. ಇಂಥಾಂವ ಮುಂದ ಇರಬೇಕು. ಮುಂದಾಳು ಚಿದಾನಂದ!"

ಚಪ್ಪಾಳೆ ಬಿತ್ತು. ಮುದುಕಿಯೂ ತಟ್ಟಿದಳು.

"ಹಾಲಸಿದ್ದಪ್ಪನೂ ಭಾಳ ಕಷ್ಟ ಪಟ್ಟಾನ" ಎಂದು ಮಾಸ್ತರರು ಮುಂದುವರಿಸಿದರು. "ದೇವರ ಹೆಸರಿನ ಪಂಪು. ಗೋಕರ್ಣದ ತನಕ ಯಾರ ಗಾಲಿ ಕೂತ್ರೂ ಇವನs ಹವಾ ಹೊಡೀತಾನ. ಅದಕ್ಕ ಎಲ್ಲಾರ ಹಿಂದ ಇರಬೇಕು ಇಂವಾ."

ಹತ್ತು ಜನರ ಬೆನ್ನು ನೋಡಿಕೊಂಡು ಗೋಕರ್ಣದವರೆಗೆ! ಹಾಲಸಿದ್ದಪ್ಪ ಬೀಳುತ್ತಿದ್ದ ತೋಳುಗಳಿಂದಲೇ ಕೈ ಮುಗಿದ.

ರಬಕವಿಯ ದಾರಿಯಲ್ಲಿ ಅವನು ಈಗಿನಿಂದಲೇ ಕೊನೆಯವನಾಗಿ ತುಳಿಯುತ್ತಿದ್ದ. ಹೊಸ ಮುಂದಾಳು ವೇಗ ತಗ್ಗಿಸಿ ಅವನ ಮಗ್ಗುಲಿಗೆ ಬಂದ. ಹೊಲಗಳಿಂದ ಕಬ್ಬು ಕಡಿಯುವ ಸದ್ದಷ್ಟೇ ಬರುತ್ತಿತ್ತು.

"ನಿಂದ್ರು ಒಂದೀಟು" ಎಂದ ಚಿದಾನಂದ.

ಇಬ್ಬರೂ ಇಳಿದರು. ಚಿದಾನಂದ ತನ್ನ ಸೈಕಲ್ಲಿನ ಸ್ಟೀಲ್ ಕೊಳವೆಯನ್ನು ಕಿತ್ತು, ಅದರ ಮುಚ್ಚಳ ತಿರುವಿ, ಹಾಲಸಿದ್ದಪ್ಪನ ಅಂಗೈ ಮೇಲೆ ಬೋರಲು ಹಾಕಿ ಕುಟ್ಟಿದ. ಕೆಂಪಗೆ, ಪುಡಿಪುಡಿಯಾಗಿ ಏನೋ ಬಿತ್ತು. ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿಯಿತು.

"ಅಗಸಿ ಚಟ್ನಿ" ಎಂದ ಚಿದಾನಂದ. "ನನಗ ಹೊರಗಿನ ಭಜಿ ಇದಿಲ್ಲದs ಸೇರೂದಿಲ್ಲ. ಮನಿಯಾಕಿ ತುಂಬಿ ಕೊಡ್ತಾಳ, ಮಂದಿ ಕಣ್ಣು ತಪ್ಪಿಸಿ ಹಾಕ್ಕೋತೇನಿ."

"ಮತ್ತ... ಪಂಪ್?"

"ನಾ ಯಾವತ್ತರ ಪಂಪ್ ಅಂದೇನೇನು? ನೀನs ಎಲ್ಲಾರ ಮುಂದ ಒದರಿದಿ. ಅಷ್ಟು ಮಂದಿ ಒಮ್ಮೆಲೆ ನೋಡಿದ ಮ್ಯಾಲ ಚಟ್ನಿ ಅಂತ ಹೆಂಗ ಹೇಳ್ಲಿ?"

ಹಾಲಸಿದ್ದಪ್ಪ ಕಣ್ಣು ಮುಚ್ಚಿದ. ಒಂದು ವರ್ಷ ಅವನನ್ನು ಸುಟ್ಟದ್ದು ಹಾಳೆ ಹರಿದು ಕೂತವನ ಮೌನವಾಗಿತ್ತು. ಮರುಗಳಿಗೆಯೇ ಅವನ ಎದೆಯಲ್ಲಿ ಖುಷಿ ಚಿಮ್ಮಿತು. ಒಂದೇ ಮಾತು ಸಾಕು! ಮುಂದೆ ಹೋಗಿ ಒಂದೇ ಮಾತು ಕೂಗಿದರೆ ಮುಂದಾಳಿನ ಬಾವುಟ ಇಳಿಯಿತು.

ಚಿದಾನಂದ ಅಷ್ಟರಲ್ಲಿ ಕಿಸೆಯಿಂದ ಬಿಳಿ ಟೊಪ್ಪಿಗೆ ತೆಗೆದು ತೋರಿಸಿದ. ಅದರ ಮೇಲೆ ಅಚ್ಚ ಹಳದಿ ಬಣ್ಣದ ಹೆಬ್ಬೆರಳ ಗುರುತು, ಗೆರೆ ಗೆರೆಯಾಗಿ ಮೂಡಿತ್ತು.

"ನೀ ಪಂಪ್ ಹೊರಗ ತಗಿಯೂಕಿಂತ ಮದಲs ಇದು ಹಿಂಗಿತ್ತು" ಎಂದ. "ನಾ ಯಾರಿಗೂ ಹೇಳಾಂವಲ್ಲ. ನೀನೂ ಹೇಳಾಂವಲ್ಲ. ಆತಿಲ್ಲೊ?"

ಹಾಲಸಿದ್ದಪ್ಪ ಅಂಗೈಯಲ್ಲಿದ್ದ ಚಟ್ನಿಯನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡ. ಮುಂದಿನಿಂದ ಪರಸಪ್ಪನ ದನಿ ಬಂತು. "ಹಾಲಸಿದ್ದಪ್ಪಣ್ಣಾ! ಮಾಸ್ತರರ ಗಾಲಿ ಕೂತೈತಿ! ಪಂಪ್ ತಗೊಂಡು ಲಗೂನ ಬಾರಪಾ!"

ಅವನು ಸೋತ ತೋಳುಗಳಿಂದ ಸೈಕಲ್ ಎತ್ತಿ ನಿಲ್ಲಿಸಿದ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದುಕೊಂಡ. ಚಟ್ನಿ ಮಾತ್ರ ಭಾಳ ಛಲೋ ಇತ್ತು. ಇಂಥ ಚಟ್ನಿ ತನ್ನ ಮನೆಯಲ್ಲಿ ಯಾಕೆ ಆಗುವುದಿಲ್ಲ ಎಂದು ಯೋಚಿಸುತ್ತ ಅವನು ಪೆಡಲ್ ತುಳಿದ. ಹೊಟ್ಟೆಯೊಳಗಿನ ಒಲೆಗೆ ಯಾರೋ ಮತ್ತೆ ರವದಿ ನೂಕಿದರು.