ಅಳಿಯ ಕಂಡ ತವರುಮನೆ

ಸಾವಂತ್ರಮ್ಮ: ಚಿತ್ರದ ಮ್ಯಾಲೆ ಧೂಳಿತ್ತು, ಒರೆಸಿದೆ. ಅದಕ್ಕೆ ಇಷ್ಟು ಕೂಗಾಡ್ತೀರಲ್ಲ.

ಜುಂಜಪ್ಪ: ಧೂಳಲ್ಲ ಕಣೇ, ಬಣ್ಣ. ಪೇಸ್ಟಲ್ ಅಂದ್ರೆ ಹಂಗೇ, ಪುಡಿಯಾಗೇ ಕೂತಿರತೈತೆ. ಬಟ್ಟೆ ತಾಗಿದ್ರೆ ಮುಗೀತು.

ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಬಿಳಿಚೋಡಿನ ಜುಂಜಪ್ಪನಿಗೆ ಹಿಡಿದ ಹುಚ್ಚು ಈ ಪೇಸ್ಟಲ್ ಬಣ್ಣದ ಚಿತ್ರ. ಊರ ಗುಡ್ಡ, ಪಾಳುಮನೆ ಒಂದನ್ನೂ ಬಿಟ್ಟಿರಲಿಲ್ಲ. ಈ ಸಲ ಬರೆದದ್ದು ಸಾಸ್ವೆಹಳ್ಳಿಯಲ್ಲಿದ್ದ ಹೆಂಡತಿಯ ತವರುಮನೆ. ಅದನ್ನು ಕೆಡವಿ ಭಾವಮೈದ ನಿಂಗರಾಜ್ ಹೊಸ ಮನೆ ಕಟ್ಟಿಸಿದ್ದ. ನಾಳೆಯೇ ಗೃಹಪ್ರವೇಶ, ಉಡುಗೊರೆ ಈ ಚಿತ್ರವೇ. ಈಗ ನೋಡಿದರೆ ಚಿತ್ರದಲ್ಲಿ ಮನೆಯ ಪಕ್ಕದ ಗೋಡೆಯ ನಡುವೆ, ಒರೆಸಿದ ಜಾಗದಲ್ಲಿ ದೊಡ್ಡ ಮಚ್ಚೆ.

ಜುಂಜಪ್ಪ: ಇದನ್ನ ಹೆಂಗೆ ಕೊಡಾಕಾಗತೈತೆ? ಒಂದು ಗೋಡೆ ಗಡಿಯಾರ ತಗಂಡು ಹೋಗಾಣ.

ಸಾವಂತ್ರಮ್ಮ: ಗಡಿಯಾರ ಬ್ಯಾಡ. ಅಲ್ಲೊಂದು ಕಿಟಕಿ ಬರೀರಿ.

ಜುಂಜಪ್ಪ: ಅಲ್ಲೆಲ್ಲಿತ್ತು ಕಿಟಕಿ? ಅದು ಬರೀ ಗೋಡೆ.

ಸಾವಂತ್ರಮ್ಮ: ನೀವು ಅಳಿಯಂದ್ರು. ಜಗಲಿ ಮ್ಯಾಲೆ ಕುಂತು, ಕೊಟ್ಟಿದ್ದು ಉಂಡು ಎದ್ದು ಬಂದೋರು. ಅದು ಅಡಿಗೆಮನೆ ಕಿಟಕಿ. ನಾವು ಶಾಲೆ ಬಿಟ್ಟು ಬಂದ್ರೆ ಅವ್ವ ಅಲ್ಲಿಂದಲೇ ರೊಟ್ಟಿ ಕೊಡ್ತಿದ್ಲು. ಅದಿಲ್ಲದ ಮನೆ ನಮ್ಮದಲ್ಲ.

ಜುಂಜಪ್ಪನಿಗೆ ಈಗ ಅನುಮಾನ ಬಂತು.

ಜುಂಜಪ್ಪ: ಹಂಗಾರೆ ಬೇಕಂತಲೇ ಒರೆಸಿದ್ಯಾ?

ಸಾವಂತ್ರಮ್ಮ: ಮತ್ತೆ? ತಪ್ಪು ಬರೆದೀರಿ ಅಂದಿದ್ರೆ ಮುಖ ಊದಿಸ್ಕಂಡು ಊಟ ಬಿಡ್ತಿದ್ರಿ.

ಗೊಣಗುತ್ತಲೇ ಅವನು ಕಿಟಕಿ ಬರೆದ, ತಿಳಿ ನೀಲಿಯಲ್ಲಿ, ಬಲು ನಾಜೂಕಾಗಿ. ಅದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಸೌದೆ ಒಲೆಯ ಹೊಗೆ ಹೋಗುತ್ತಿದ್ದ ಕಿಟಕಿ, ಮಸಿ ಎಲ್ಲಿ ಎಂದು ಕೇಳಿದಳು. ಮಸಿ ಹಚ್ಚಿದರೆ ಚಿತ್ರದ ಮೃದುತನವೇ ಹೋಗುತ್ತದೆ ಎಂದು ಅವನು ವಾದಿಸುತ್ತಿದ್ದಂತೆ ಅವಳು ಕಪ್ಪು ಬಣ್ಣದ ತುಂಡು ತೆಗೆದುಕೊಂಡು ಗೀಚಿ, ಹೆಬ್ಬೆರಳಲ್ಲಿ ತಿಕ್ಕಿಯೇಬಿಟ್ಟಳು. ಜುಂಜಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಹೆಂಡತಿ ಅಳುತ್ತಿದ್ದಳು. ಇದೇ ನಮ್ಮ ಮನೆ ಅಂದಳು.

ಚಿತ್ರ ಚೆನ್ನಾಗಿಯೇ ಆಗಿದೆ ಎಂದು ಅವನಿಗೂ ಅನಿಸಿತು, ಹೇಳಲು ಮನಸ್ಸು ಬರಲಿಲ್ಲ. ಏನಾದರೂ ಕೊರತೆ ಸಿಕ್ಕೀತೇ ಎಂದು ಹುಡುಕುತ್ತಿದ್ದ ಅವನ ಕಣ್ಣು ಚಿತ್ರದ ಜಗಲಿಯ ಹತ್ತಿರ ಬಂದು ನಿಂತಿತು. ಅಲ್ಲಿ ರುಮಾಲು ಸುತ್ತಿ ಕೂತ ಅಳಿಯನನ್ನು ಅವನು ಬಹಳ ಮುತುವರ್ಜಿಯಿಂದ ಬರೆದಿದ್ದ. ಈಗ ಜಗಲಿ ಖಾಲಿ, ಅಲ್ಲೂ ಬಟ್ಟೆಯಾಡಿಸಿದ ಗುರುತು.

ಜುಂಜಪ್ಪ: ಇಲ್ಲಿ ನಾನು ಕುಂತಿದ್ನಲ್ಲೇ, ಎಲ್ಲಿ ಹೋದೆ?

ಸಾವಂತ್ರಮ್ಮ: ಒಂದು ಸಲನಾದ್ರೂ ಹಿತ್ತಲಿಗೆ ಬಂದು ಅವ್ವನಿಗೆ ಎರಡು ಕೊಡ ನೀರು ಸೇದಿಕೊಡ್ರಿ ಅಂದೆ. ಜಗಲಿಯಿಂದ ಎದ್ದು ನೀರು ಸೇದಾಕೆ ಹೋದ್ರಿ.